ಏಳನೇ ತಿಂಗಳಲ್ಲಿ ತೆರೆಯದ ಬಾಗಿಲು

ದೌಲ್ಯೂ ಪಟ್ಟಣದಲ್ಲಿ ಲಾಯ್ ಬಿಂಗ್‌ಕುನ್‌ನಷ್ಟು ನಿಧಾನದ ಮನುಷ್ಯ ಇನ್ನೊಬ್ಬ ಹುಟ್ಟಿಲ್ಲ. ಅವನು ಈಚೆ ಬದಿಯಿಂದ ರಸ್ತೆಗೆ ಹೆಜ್ಜೆ ಇಟ್ಟರೆ ಆಚೆ ಬದಿ ಮುಟ್ಟುವಷ್ಟರಲ್ಲಿ ಚುನಾವಣೆ ಮುಗಿದು ಹೊಸ ಮೇಯರ್ ಬಂದು ಕೂತಿರುತ್ತಾನೆ ಎಂದು ಜನ ಆಡಿಕೊಳ್ಳುತ್ತಿದ್ದರು. ಇದು ಶುದ್ಧ ಸುಳ್ಳು. ಹಾಗಾದದ್ದು ಒಂದೇ ಸಲ. ಅದೂ ಆ ವರ್ಷ ಮತ ಎಣಿಕೆ ಬೇಗ ಮುಗಿದದ್ದರಿಂದ.

ಮೊದಲು ಅವನದು ಸಿನಿಮಾ ಕ್ಯಾಸೆಟ್ ಬಾಡಿಗೆಗೆ ಕೊಡುವ ಅಂಗಡಿ. ಹೆಣ್ಣು ನೋಡಲು ಹೋದ ಮನೆಯಲ್ಲಿ, ಟೀವಿಯ ಮೇಲೆ ತನ್ನ ಅಂಗಡಿಯ ಕ್ಯಾಸೆಟ್ ಕಂಡು, ಹುಡುಗಿಯ ಹೆಸರು ಕೇಳುವುದಕ್ಕೂ ಮೊದಲು “ಇದು ವಾಪಸ್ ಬರಬೇಕಾಗಿ ನಾಲ್ಕು ತಿಂಗಳಾಯ್ತಲ್ಲ” ಎಂದಿದ್ದ. ಮದುವೆ ಕೂಡಿಬರಲಿಲ್ಲ. ಕ್ಯಾಸೆಟ್ಟೂ ವಾಪಸ್ ಬರಲಿಲ್ಲ. ಆಮೇಲೆ ಅವನು ಯಾವ ಮನೆಗೂ ಹೆಣ್ಣು ನೋಡಲು ಹೋಗಲಿಲ್ಲ.

ಕ್ಯಾಸೆಟ್ಟುಗಳ ಕಾಲ ಮುಗಿದಾಗ ಅದೇ ಅಂಗಡಿಯಲ್ಲಿ, ಅದೇ ಕುರ್ಚಿಯಲ್ಲಿ ಕೂತು, ಇಟ್ಟಿಗೆ ಗಾತ್ರದ ಪುಸ್ತಕ ನೋಡಿಕೊಂಡು ವೆಬ್‌ಸೈಟ್ ಮಾಡುವುದನ್ನು ಕಲಿತ. ತೈಚುಂಗ್ ನಗರದ ಒಂದು ಕಂಪನಿಯ ಸರ್ವರಿನಲ್ಲಿ ಸಗಟಾಗಿ ಒಂದಿಷ್ಟು ಜಾಗ ಹಿಡಿದು, ಅದನ್ನು ತುಂಡು ತುಂಡು ಮಾಡಿ ಊರಿನವರಿಗೆ ಬಾಡಿಗೆಗೆ ಕೊಡುವುದು ಅವನ ಕಸುಬಾಯಿತು. ಹೀಗೆ ಅವನ ಕೈಕೆಳಗೆ ನಲವತ್ತೇಳು ಖಾತೆಗಳಿದ್ದವು. ಸಾಸಿವೆಸೊಪ್ಪಿನ ಉಪ್ಪಿನಕಾಯಿಯವರು, ಊದುಕಡ್ಡಿಯವರು, ಚಕ್ಕೋತ ಬೆಳೆಗಾರರ ಸಂಘ, ಒಂದು ಶವಪೆಟ್ಟಿಗೆ ಅಂಗಡಿ. ಶವಪೆಟ್ಟಿಗೆಯವನು ತನ್ನ ಸೈಟಿನಲ್ಲಿ ‘ನಮ್ಮ ಗ್ರಾಹಕರು ಯಾರೂ ಇದುವರೆಗೆ ದೂರು ಕೊಟ್ಟಿಲ್ಲ’ ಎಂದು ಹಾಕಿಸಿದ್ದ. ಬಿಂಗ್‌ಕುನ್ ಅದನ್ನು ನಗದೆಯೇ ಬರೆದುಕೊಟ್ಟ.

ನಲವತ್ತೇಳನೆಯದು ಶಾವ್ ತಿಯೆನ್‌ಶುಯ್‌ನದು. ರೈಲ್ವೆ ನಿಲ್ದಾಣದ ಹಿಂದಿನ ಬೀದಿಯಲ್ಲಿ ಬಾತುಮಾಂಸದ ಅನ್ನ ಮಾರುವವನು, ವಯಸ್ಸು ಅರವತ್ತೊಂಬತ್ತು, ಊರಿಗೆಲ್ಲ ಶುಯ್ ಅಣ್ಣ. ಅವನು ಮಾಂಸ ಕತ್ತರಿಸುವ ವೇಗಕ್ಕೆ ಬಾತುಕೋಳಿಗೆ ತಾನು ಸತ್ತದ್ದೇ ಗೊತ್ತಾಗುತ್ತಿರಲಿಲ್ಲ. ತಟ್ಟೆಯಲ್ಲಿ ಕೂತ ಮೇಲೂ ಒಂದೆರಡು ಸಲ ಸುತ್ತ ನೋಡುತ್ತಿತ್ತು. ಅವನ ವೆಬ್‌ಸೈಟಿಗೂ ಬಾತುಮಾಂಸಕ್ಕೂ ಸಂಬಂಧವಿರಲಿಲ್ಲ. ಅದು ತಂಗಿಯನ್ನು ಹುಡುಕುವ ಒಂದೇ ಒಂದು ಪುಟ.

ತಂಗಿಯ ಹೆಸರು ಬೊಂಗ್‌ಚಿ. ಬೇಡದೆ ಹುಟ್ಟಿದ ಹೆಣ್ಣುಮಕ್ಕಳಿಗೆ ಆಗ ಇಡುತ್ತಿದ್ದ ಹೆಸರು ಅದು. ‘ಹೋಗಲಿ, ಹೇಗೋ ಸಾಕೋಣ’ ಎಂದು ಅರ್ಥ. ಸಾಕಲಿಲ್ಲ. ಮೂರು ವರ್ಷವಾದಾಗ ದಕ್ಷಿಣದ ಕಡೆಯ ಯಾರಿಗೋ ಮಗಳಾಗಿ ಕೊಟ್ಟುಬಿಟ್ಟರು. ಆ ಕಾಲಕ್ಕೆ ಅದೇನೂ ದೊಡ್ಡ ಸಂಗತಿಯಲ್ಲ, ಬೀದಿಗೆ ನಾಲ್ಕು ಮನೆಯಲ್ಲಿ ಹಾಗೇ ನಡೆಯುತ್ತಿತ್ತು. ಮಗುವನ್ನು ಬೆನ್ನ ಮೇಲೆ ಹೊತ್ತು ನಿಲ್ದಾಣದವರೆಗೆ ತಲುಪಿಸಿದವನು ಒಂಬತ್ತು ವರ್ಷದ ಅಣ್ಣ. ದಲ್ಲಾಳಿ ಹೆಂಗಸು ಅವನ ಕೈಗೆ ಒಂದು ಹಬೆಯಲ್ಲಿ ಬೇಯಿಸಿದ ಬನ್ನು ಕೊಟ್ಟಳು. ಮನೆ ಮುಟ್ಟುವಷ್ಟರಲ್ಲಿ ಅದನ್ನು ಪೂರ್ತಿ ತಿಂದು ಮುಗಿಸಿದ್ದ. ಪುಟದಲ್ಲಿ ಇದನ್ನೂ ಬರೆಯಬೇಕೆಂದು ಅವನೇ ಹಟ ಹಿಡಿದ. ಎಡಗಿವಿಯ ಹಿಂದೆ ಬಿಸಿ ಗಂಜಿ ಚೆಲ್ಲಿ ಸುಟ್ಟ ಕಲೆ ಇದೆ ಎನ್ನುವುದೊಂದೇ ಗುರುತು. ಮೇಲೆ ದೊಡ್ಡಕ್ಷರದಲ್ಲಿ ‘ಬೊಂಗ್‌ಚಿ, ಅಣ್ಣ ಹುಡುಕುತ್ತಿದ್ದಾನೆ’. ಕೆಳಗೆ ಕಾಗದ ಬರೆಯಲು ಒಂದು ಇಮೇಲ್ ವಿಳಾಸ.

ತಂಗಿಯ ಹೆಸರನ್ನೂ ಆ ವಿಳಾಸವನ್ನೂ ಶುಯ್ ಅಣ್ಣ ಊಟದ ಪೊಟ್ಟಣದ ಜೊತೆ ತಿನ್ನಲು ಕೊಡುವ ಕಡ್ಡಿಗಳ ಕಾಗದದ ಲಕೋಟೆಯ ಮೇಲೂ ಅಚ್ಚು ಹಾಕಿಸಿದ್ದ. ರೈಲು ಹತ್ತುವವರು ಪೊಟ್ಟಣ ಒಯ್ಯುತ್ತಿದ್ದರು. ಹತ್ತೊಂಬತ್ತು ವರ್ಷದಲ್ಲಿ ಬೊಂಗ್‌ಚಿಯ ಹೆಸರು ನಮ್ಮ ಇಡೀ ದ್ವೀಪವನ್ನು ಏಳು ಸುತ್ತು ಸುತ್ತುವಷ್ಟು ಕಡ್ಡಿಗಳು ಹೋಗಿದ್ದವು.

ವ್ಯಾಪಾರದವರು ಚಾಂದ್ರಮಾನ ತಿಂಗಳ ಎರಡನೇ ಮತ್ತು ಹದಿನಾರನೇ ದಿನ ಅಂಗಡಿ ಮುಂದೆ ಮೇಜು ಹಾಕಿ ಪೂಜೆ ಇಡುತ್ತಾರಲ್ಲ, ಅದು ಮುಗಿದ ಮೇಲೆ ಬಿಂಗ್‌ಕುನ್ ಹೋಗಿ ಬಂದ ಕಾಗದಗಳನ್ನು ಓದಿ ಹೇಳುತ್ತಿದ್ದ. ಶುಯ್ ಅಣ್ಣನಿಗೆ ಓದು ಅಷ್ಟಕ್ಕಷ್ಟೇ.

“ಏನಯ್ಯ ಆಕುನ್, ಬಂತಾ?” ಶುಯ್ ಅಣ್ಣನ ಬಾಯಲ್ಲಿ ಬಿಂಗ್‌ಕುನ್ ಆಕುನ್ ಆಗಿದ್ದ.

“ಬಂತು ಶುಯ್ ಅಣ್ಣ. ಕೂದಲು ಬೆಳೆಸೋ ಎಣ್ಣೆಯವರದೊಂದು.”

“ಬೇಡ ಅಂತ ಬರಿ. ನಮ್ಮನೇಲಿ ಕೀಳೋ ಕೆಲಸವೇ ಸಾಕಾಗಿದೆ, ಬಾತಿನ ಪುಕ್ಕ ಕಿತ್ತೂ ಕಿತ್ತೂ ನಿಮ್ಮ ಅತ್ತಿಗೆಯ ಬೆರಳಲ್ಲಿ ಗೆರೆಯೇ ಉಳಿದಿಲ್ಲ. ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತಿದ್ರೆ ‘ಯಾರಮ್ಮ ನೀನು’ ಅಂತಾರೆ.”

“ಇನ್ನೊಂದು ತೈನಾನ್‌ನಿಂದ. ಯಾರೋ ಹೆಂಗಸು.”

ಕತ್ತಿ ನಿಲ್ಲುತ್ತಿತ್ತು. “ಕಲೆ?”

“ಬಲಗಿವಿ ಅಂತೆ.”

ಕತ್ತಿ ಮತ್ತೆ ಓಡುತ್ತಿತ್ತು. ಹೀಗೆ ಹನ್ನೊಂದು ಹೆಂಗಸರು ಬರೆದಿದ್ದರು. ತಾವೂ ಎಲ್ಲೋ ಹುಟ್ಟಿ ಎಲ್ಲಿಗೋ ಕೊಡಲ್ಪಟ್ಟವರು. ಹನ್ನೊಂದು ಜನರಿಗೂ ಶುಯ್ ಅಣ್ಣ ಹೊಸ ವರ್ಷಕ್ಕೆ ಹೊಗೆಯಲ್ಲಿ ಬೇಯಿಸಿದ ಒಂದೊಂದು ಬಾತು ಕಳಿಸುತ್ತಿದ್ದ.

ಆ ವರ್ಷ ಚಾಂದ್ರಮಾನದ ಆರನೇ ತಿಂಗಳ ಮೊದಲ ವಾರ ತೈಚುಂಗ್‌ನ ಕಂಪನಿಯಿಂದ ಸೂಚನೆ ಬಂತು. ಆಗಸ್ಟ್ ಮೂವತ್ತೊಂದರ ಮಧ್ಯಾಹ್ನಕ್ಕೆ ಸರ್ವರು ನಿಲ್ಲುತ್ತದೆ, ಅಷ್ಟರೊಳಗೆ ತಮ್ಮ ತಮ್ಮ ಗಂಟುಮೂಟೆ ಎತ್ತಿಕೊಂಡು ಹೋಗಿ ಎಂದು, ಬಹಳ ವಿನಯದಿಂದ. ನಮ್ಮ ಕಡೆ ಜನರನ್ನು ಬೀದಿಗೆ ಹಾಕುವಾಗ ಭಾಷೆ ಬಹಳ ಚೆನ್ನಾಗಿರುತ್ತದೆ.

ಬಿಂಗ್‌ಕುನ್ ಶುಯ್ ಅಣ್ಣನ ಅಂಗಡಿಗೆ ಹೋಗಿ ಹೇಳಿದ.

“ಆಗಸ್ಟು ಗೀಗಸ್ಟು ಬೇಡ,” ಎಂದ ಶುಯ್ ಅಣ್ಣ. “ನಮ್ಮ ಲೆಕ್ಕದಲ್ಲಿ ಹೇಳು.”

“ಏಳನೇ ತಿಂಗಳು ಹದಿನಾರು.”

ಒಳಗೆ ಸಾರು ಕುದಿಸುತ್ತಿದ್ದ ಹೆಂಡತಿ ಮಾನ್‌ಚು ಸೌಟು ಹಿಡಿದುಕೊಂಡೇ ಹೊರಗೆ ಬಂದಳು. ಏಳನೇ ತಿಂಗಳೆಂದರೆ ಕೆಳಲೋಕದ ಬಾಗಿಲು ತೆರೆದು, ದಿಕ್ಕಿಲ್ಲದೆ ಸತ್ತವರೆಲ್ಲ ಮೇಲೆ ತಿರುಗಾಡುವ ತಿಂಗಳು. ಅವರನ್ನು ಯಾರೂ ದೆವ್ವ ಎನ್ನುವುದಿಲ್ಲ, ‘ಒಳ್ಳೆಯ ಸೋದರರು’ ಎನ್ನುತ್ತಾರೆ. ಆ ತಿಂಗಳಲ್ಲಿ ಮದುವೆಯಿಲ್ಲ, ಮನೆ ಬದಲಿಸುವುದಿಲ್ಲ, ಹೊಸ ಅಂಗಡಿಯ ಬಾಗಿಲು ತೆಗೆಯುವುದಿಲ್ಲ. ತೆಗೆದರೆ ಮೊದಲು ಒಳಗೆ ಬರುವವರು ಯಾರು ಎಂಬುದು ಎಲ್ಲರಿಗೂ ಗೊತ್ತು.

“ಅದಕ್ಕೆ ಮುಂಚೆ ಮುಗಿಸಬೇಕಣ್ಣ,” ಎಂದ ಬಿಂಗ್‌ಕುನ್. “ಚಕ್ಕೋತದವರ ಹತ್ತಿರ ಸ್ವಂತ ವಿಳಾಸ ಇದೆ, ಎಲ್ಲಿಗೆ ಹೋದ್ರೂ ಜೊತೆಗೇ ಬರುತ್ತೆ. ನಿಮ್ಮದು ಆ ಕಂಪನಿಯ ಹೆಸರಿಂದ ಮುಗಿಯೋ ವಿಳಾಸ. ಅವರ ವಠಾರದಲ್ಲಿರೋ ಮನೆ ಇದ್ದ ಹಾಗೆ. ವಠಾರ ಕೆಡವಿದ್ರೆ ಮನೆ ನಂಬರೂ ಹೋಯ್ತು.”

“ಅಂಥ ಮನೆ ಯಾಕೆ ಕೊಡಿಸಿದೆ ನಂಗೆ?”

“ಅದು ಪುಕ್ಕಟೆ ಇತ್ತು, ಅಣ್ಣ.”

“ಪುಕ್ಕಟೆ ಸಿಕ್ಕಿದ್ರೆ ನೀನು ಶವಪೆಟ್ಟಿಗೆನೂ ತಂದು ಮನೇಲಿ ಇಟ್ಕೊಳ್ತೀಯ. ಈಗ ಏನು ಮಾಡ್ಬೇಕು ಹೇಳು.”

“ಹೊಸ ಕಡೆ ಹೊಸ ಮನೆ ತೆಗೀಬೇಕು. ಆಮೇಲೆ ಹಳೇ ಬಾಗಿಲಿಗೆ ‘ಇಂಥ ಕಡೆ ಹೋಗಿದ್ದೀವಿ’ ಅಂತ ಚೀಟಿ ಅಂಟಿಸ್ಬೇಕು. ಹಳೇದು ಎಷ್ಟು ದಿನ ಇರುತ್ತೋ ಅಷ್ಟು ದಿನ ಬಂದೋರು ಚೀಟಿ ನೋಡ್ತಾರೆ. ಅದು ಬಿದ್ದುಹೋದ ಮೇಲೆ ಬಂದೋರಿಗೆ ಗೋಡೆನೂ ಕಾಣಲ್ಲ.”

ಶುಯ್ ಅಣ್ಣ ಬಾತಿನ ಕಾಲೊಂದನ್ನು ಎತ್ತಿ ಹಿಡಿದು ಅದನ್ನೇ ಕೇಳುವವನಂತೆ ನೋಡಿದ. “ದಿನ ನೋಡಿಸ್ತೀನಿ,” ಎಂದ.

ಪಂಚಾಂಗದ ಮುದುಕ ಕೊಟ್ಟ ದಿನ ಆರನೇ ತಿಂಗಳ ಇಪ್ಪತ್ತಾರು, ಬೆಳಿಗ್ಗೆ ಐದರಿಂದ ಏಳು. ಅದಕ್ಕೆ ಮುಂಚಿನ ದಿನಗಳು ಶುಯ್ ಅಣ್ಣನ ಹುಟ್ಟಿದ ವರ್ಷಕ್ಕೆ ಆಗಿಬರುವುದಿಲ್ಲವಂತೆ. ಬಿಂಗ್‌ಕುನ್ ತಲೆಯಾಡಿಸಿದ. ಅವನಿಗೂ ಉಳಿದ ನಲವತ್ತಾರು ಮನೆ ಸಾಗಿಸಬೇಕಾಗಿತ್ತು.

ಆ ತಿಂಗಳು ಅವನು ಪಟ್ಟ ಪಾಡನ್ನು ಹೊರಲು ಎರಡು ಲಾರಿ ಬೇಕು. ಒಬ್ಬೊಬ್ಬರ ಪುಟ, ಚಿತ್ರ, ಇಪ್ಪತ್ತು ವರ್ಷದ ಕಾಗದಗಳು, ಎಲ್ಲವನ್ನೂ ಹಳೆಯ ಸರ್ವರಿನಿಂದ ಇಳಿಸಿ ಹೊಸದಕ್ಕೆ ಏರಿಸಬೇಕು. ಖಾತೆ ತೆರೆಯುವ ಗುಪ್ತಪದ ಯಾರಿಗೂ ನೆನಪಿಲ್ಲ. ಊದುಕಡ್ಡಿಯವಳು ಗುಪ್ತಪದವನ್ನು ಅತ್ತೆಯ ಹುಟ್ಟಿದ ದಿನ ಎಂದಳು, ಅತ್ತೆ ಬೇರೆ ದಿನ ಎಂದಳು, ಅವರಿಬ್ಬರ ಜಗಳ ಬಿಡಿಸುವುದರಲ್ಲಿ ಎರಡು ದಿನ ಹೋಯಿತು. ಬಿಂಗ್‌ಕುನ್ ಅವಸರ ಮಾಡಿದ. ಜೀವನದಲ್ಲಿ ಮೊದಲ ಸಲ. ಅವನ ದೇಹಕ್ಕೆ ಅದು ಏನೆಂದೇ ತಿಳಿಯದೆ ಜ್ವರ ಬಂತು.

ಇಪ್ಪತ್ತಾರರ ಬೆಳಿಗ್ಗೆ ಐದಕ್ಕೆ ಶುಯ್ ಅಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ಹಿಂದೆ ಮಾನ್‌ಚು, ಕೈಯಲ್ಲಿ ಕೆಂಪು ಕಾಗದ ಸುತ್ತಿದ ಅಕ್ಕಿಯ ಡಬ್ಬ, ಒಂದು ಪೊಟ್ಟಣ ಉಪ್ಪು, ಹೊಸ ಪೊರಕೆ. ಹೊಸ ಮನೆಗೆ ಹೋಗುವಾಗ ಒಯ್ಯುವ ಸಾಮಾನು ಎಲ್ಲ.

“ಪೊರಕೆ ಎಲ್ಲಿ ಇಡ್ಲಿ?” ಎಂದಳು ಮಾನ್‌ಚು.

ಬಿಂಗ್‌ಕುನ್ ಕೈಸನ್ನೆ ಮಾಡಿ ಕಾಯಲು ಹೇಳಿದ. ಅವನ ಕಿವಿಯಲ್ಲಿ ಫೋನಿತ್ತು, ಫೋನಿನೊಳಗೆ ಚಕ್ಕೋತ ಸಂಘದ ಕಾರ್ಯದರ್ಶಿ ಕಿರುಚುತ್ತಿದ್ದ. ಹಿಂದಿನ ದಿನ ಸಾಗಿಸಿದ ಅವರ ಪುಟದಲ್ಲಿ ಹಳೆಯ ಕಾಲದ ಅಕ್ಷರಗಳು ಹೊಸ ಸರ್ವರಿಗೆ ಅರ್ಥವಾಗದೆ ಎಲ್ಲವೂ ಚೌಕ ಚೌಕವಾಗಿ ಕೂತಿದ್ದವು. ಹುಣ್ಣಿಮೆ ಹಬ್ಬಕ್ಕೆ ಚಕ್ಕೋತದ ಮುಂಗಡ ಬೇಡಿಕೆ ಶುರುವಾಗುವುದು ಅದೇ ಬೆಳಿಗ್ಗೆ.

“ನಾನೂರು ಮನೆಯವರ ಹಣ್ಣು ಕಣಯ್ಯ!” ಎನ್ನುತ್ತಿದ್ದ ಕಾರ್ಯದರ್ಶಿ. “ಡಬ್ಬಿ ಡಬ್ಬಿ ಕಾಣ್ತಿದೆ! ನಾವೇನು ಡಬ್ಬಿ ಬೆಳೆದಿದ್ದೀವಾ?”

“ಅಣ್ಣ, ಹತ್ತು ನಿಮಿಷ,” ಎಂದ ಬಿಂಗ್‌ಕುನ್ ಶುಯ್ ಅಣ್ಣನಿಗೆ.

ಆ ಹತ್ತು ನಿಮಿಷ ಬೆಳೆಯಿತು. ಐದೂವರೆ ಆಯಿತು, ಆರಾಯಿತು. ದಂಪತಿಗಳು ಕ್ಯಾಸೆಟ್ ಕಾಲದ ಬೆಂಚಿನ ಮೇಲೆ, ಅಕ್ಕಿ ಡಬ್ಬ ತೊಡೆಯ ಮೇಲಿಟ್ಟುಕೊಂಡು, ಆಸ್ಪತ್ರೆಯಲ್ಲಿ ಕೂತವರಂತೆ ಕೂತಿದ್ದರು. ಬಿಂಗ್‌ಕುನ್ ಒಂದು ಸಾಲು ಸರಿಮಾಡಿದರೆ ಎರಡು ಸಾಲು ಕೆಡುತ್ತಿತ್ತು. ಗೋಡೆ ಗಡಿಯಾರ ಏಳು ಹೊಡೆದಾಗ ಶುಯ್ ಅಣ್ಣ ಎದ್ದು ನಿಂತ.

“ನಾಳೆ ಮಾಡೋಣ ಅಣ್ಣ. ಖಂಡಿತ ನಾಳೆ.”

“ನಾಳೆ ಪಂಚಾಂಗದಲ್ಲಿ ಮುರಿಯೋ ದಿನ, ಮಾಡಿದ್ದು ನಿಲ್ಲಲ್ಲ. ನಾಡಿದ್ದು ನಂಗೆ ಆಗಿಬರಲ್ಲ. ಆಚೆ ನಾಡಿದ್ದು ತಿಂಗಳು ಮುಗಿಯೋ ದಿನ,” ಎಂದ ಶುಯ್ ಅಣ್ಣ. ಕೋಪ ಇರಲಿಲ್ಲ. “ನಾನೂರು ಮನೆ ಮುಂದೆ ನಂದೊಂದು ಮನೆ ಯಾವ ಲೆಕ್ಕ. ನೀನು ಮಾಡಿದ್ದು ಸರಿ.” ಅಕ್ಕಿ ಡಬ್ಬ ಎತ್ತಿಕೊಂಡು ಹೊರಟ. ಮಾನ್‌ಚು ಪೊರಕೆಯನ್ನು ಬಿಟ್ಟು ಹೋಗುವುದೋ ಒಯ್ಯುವುದೋ ಎಂದು ಸ್ವಲ್ಪ ಹೊತ್ತು ನಿಂತು, ಒಯ್ದಳು.

ಚಕ್ಕೋತದ ಪುಟ ಮಧ್ಯಾಹ್ನಕ್ಕೆ ಸರಿಹೋಯಿತು. ಕಾರ್ಯದರ್ಶಿ ಒಂದು ಮೂಟೆ ಹಣ್ಣು ಕಳಿಸಿದ. ಅದು ಮೂಲೆಯಲ್ಲಿ ಕೂತು ಕೊಳೆಯಿತು.

ಏಳನೇ ತಿಂಗಳು ಬಂತು. ಬಿಂಗ್‌ಕುನ್ ಹೊಸ ಸರ್ವರಿನಲ್ಲಿ ಎಲ್ಲ ಸಿದ್ಧ ಮಾಡಿಟ್ಟ. ಪುಟ, ಹಳೆಯ ಕಾಗದಗಳು, ಹೊಸ ವಿಳಾಸ, ಬಾಗಿಲಿಗೆ ಅಂಟಿಸುವ ಚೀಟಿ. ಒಂದು ಗುಂಡಿ ಒತ್ತಿದರೆ ಮುಗಿಯುತ್ತಿತ್ತು. ಎರಡನೇ ದಿನದ ಪೂಜೆ ಮುಗಿದ ಮೇಲೆ ಶುಯ್ ಅಣ್ಣನ ಮುಂದೆ ಕೂತು ಬೇಡಿಕೊಂಡ.

“ಯಂತ್ರ ಅಣ್ಣ ಅದು. ಅದಕ್ಕೆ ಯಾವ ತಿಂಗಳು ಅಂತ ಏನು ಗೊತ್ತು?”

“ಗೊತ್ತಿಲ್ಲದೇ ಇದ್ರೆ ಅದರ ನೆತ್ತಿ ಮೇಲೆ ಹಸಿರು ಪೊಟ್ಟಣ ಯಾಕಯ್ಯ ಇಟ್ಟಿದ್ದೀಯ?”

ಈ ದ್ವೀಪದಲ್ಲಿ ಯಂತ್ರ ಇಟ್ಟುಕೊಂಡವರೆಲ್ಲ ಅದು ಹಟ ಮಾಡದಿರಲೆಂದು ಮೇಲೊಂದು ಹಸಿರು ಪೊಟ್ಟಣದ ಜೋಳದ ಕುರುಕಲು ಇಡುತ್ತಾರೆ. ಬಿಂಗ್‌ಕುನ್ ಕೂಡ ಇಟ್ಟಿದ್ದ. ತಿನ್ನುವ ಅವಧಿ ಮುಗಿಯುವ ವಾರ ಮೊದಲೇ ಹೊಸದು ತರುತ್ತಿದ್ದ.

“ಕೇಳು ಆಕುನ್,” ಎಂದ ಶುಯ್ ಅಣ್ಣ, ದನಿ ತಗ್ಗಿಸಿ. “ಈ ತಿಂಗಳು ಮೇಜಿನ ಮೇಲೆ ಅನ್ನ ಇಟ್ಟು ಕರೆದ್ರೆ ಯಾರು ಬರ್ತಾರೆ? ಸತ್ತೋರು. ಅವಳ ಹೆಸರು ಬರೆದು ಹೊಸ ಬಾಗಿಲು ತೆಗೆದು ‘ಬಾ’ ಅಂತ ಕರೆದ್ರೆ, ಅವಳನ್ನೂ ಅವರ ಸಾಲಿಗೆ ಸೇರಿಸಿದ ಹಾಗೆ. ಒಂದ್ಸಲ ಬೆನ್ನ ಮೇಲೆ ಹೊತ್ಕೊಂಡು ಹೋಗಿ ಕೊಟ್ಟುಬಿಟ್ಟೆ. ಇನ್ನೊಂದ್ಸಲ ಕೊಡಲ್ಲ.”

“ಹದಿನಾರಕ್ಕೆ ಹಳೇದು ಹೋಗುತ್ತೆ. ಎಂಟನೇ ತಿಂಗಳವರೆಗೆ ನಿಮಗೆ ಬಾಗಿಲೇ ಇರಲ್ಲ.”

“ಹತ್ತೊಂಬತ್ತು ವರ್ಷ ಬರದೇ ಇದ್ದೋಳು ಆ ಇಪ್ಪತ್ತು ದಿನದಲ್ಲೇ ಬರ್ತಾಳಾ? ತಿನ್ನು, ಸಾರು ಆರ್ತಿದೆ.”

ಬಿಂಗ್‌ಕುನ್ ತೈಚುಂಗ್‌ಗೆ ಫೋನು ಮಾಡಿದ. ಮೂವತ್ತೈದು ನಿಮಿಷ ಸಂಗೀತ ಕೇಳಿಸಿದರು. ಸಂಗೀತದವರೇ ಸುಸ್ತಾಗಿ ಎದ್ದುಹೋದರೇನೋ ಎನ್ನುವಷ್ಟರಲ್ಲಿ ಒಬ್ಬ ಹುಡುಗಿಯ ದನಿ ಬಂತು.

“ಒಂದೇ ಒಂದು ಖಾತೆ ತಾಯಿ, ಇನ್ನು ಒಂದು ತಿಂಗಳು ಉಳಿಸಿಕೊಡಿ.”

“ಯಂತ್ರಗಳು ಆಗಲೇ ಮಾರಾಟ ಆಗಿವೆ, ಸರ್. ಒಂದನೇ ತಾರೀಕು ಲಾರಿ ಬರುತ್ತೆ. ಒಂದು ಖಾತೆ ಸಾಗಿಸೋಕೆ ಐದು ನಿಮಿಷ ಸಾಕಲ್ಲ, ಸರ್. ಯಾಕೆ ಸಾಗಿಸ್ತಿಲ್ಲ?”

“ಇದು ಏಳನೇ ತಿಂಗಳಲ್ವಾ...”

“ಅರ್ಥ ಆಗುತ್ತೆ ಅಂಕಲ್,” ಎಂದಳು ಹುಡುಗಿ, ಈಗ ಬೇರೆ ದನಿಯಲ್ಲಿ. “ನಮ್ಮಮ್ಮನೂ ಹಾಗೇ. ಆದ್ರೆ ನನ್ನ ಕೈಯಲ್ಲಿ ಏನೂ ಇಲ್ಲ.”

ಆ ಹದಿನೈದು ದಿನ ಅವನು ಪ್ರತಿ ಮಧ್ಯಾಹ್ನ ಯಂತ್ರದ ಮುಂದೆ ಕೂತ. ಶುಯ್ ಅಣ್ಣನಿಗೆ ಹೇಳದೆ ಗುಂಡಿ ಒತ್ತಿಬಿಡಬಹುದಿತ್ತು. ಅವನಿಗೇನು ತಿಳಿಯುತ್ತದೆ, ಓದು ಬಾರದವನು. ಎಂಟನೇ ತಿಂಗಳಲ್ಲಿ ಅಕ್ಕಿ, ಉಪ್ಪು ತರಿಸಿ ಆಗ ತೆರೆದ ಹಾಗೆ ನಟಿಸಿದರೆ ಆಯಿತು. ಬೆರಳು ಗುಂಡಿಯ ಮೇಲೆ ಹೋಗುತ್ತಿತ್ತು. ಆಮೇಲೆ ಅವನಿಗೆ ಬೊಂಗ್‌ಚಿ ಕಾಣುತ್ತಿದ್ದಳು. ಮೂರು ವರ್ಷದವಳು, ಒದ್ದೆ ಕೂದಲು, ಹೊಸ ಬಾಗಿಲ ಹೊಸ್ತಿಲ ಮೇಲೆ ನಿಂತು ಯಾರ ಹಿಂದೆಯೋ ಸಾಲಿನಲ್ಲಿ ಬರುತ್ತಿರುವವಳು. ಬೆರಳು ಹಿಂದೆ ಬರುತ್ತಿತ್ತು. ಹಿರಿಯನ ಮಾತಿಗೆ ಮರ್ಯಾದೆ ಕೊಡುತ್ತಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡ.

ಹದಿನಾರನೇ ದಿನ ಮಧ್ಯಾಹ್ನ ಹನ್ನೆರಡು ಗಂಟೆ ಎರಡು ನಿಮಿಷಕ್ಕೆ ಪುಟ ಹೋಯಿತು. ಸದ್ದಿಲ್ಲ, ಹೊಗೆಯಿಲ್ಲ. ಹತ್ತೊಂಬತ್ತು ವರ್ಷದಿಂದ ಇದ್ದ ಜಾಗದಲ್ಲಿ ಇಂಥದೊಂದು ವಿಳಾಸವೇ ಇಲ್ಲ ಎನ್ನುವ ಒಂದು ಸಾಲು.

ಎಂಟನೇ ತಿಂಗಳ ಒಂಬತ್ತಕ್ಕೆ ಒಳ್ಳೆಯ ದಿನ ಸಿಕ್ಕಿತು. ಅಕ್ಕಿ ಡಬ್ಬ ಬಂತು, ಉಪ್ಪು ಬಂತು, ಪೊರಕೆ ಬಂತು. ಬಿಂಗ್‌ಕುನ್ ಗುಂಡಿ ತೋರಿಸಿದ, ಶುಯ್ ಅಣ್ಣನೇ ಒತ್ತಿದ. ಹೊಸ ವಿಳಾಸದ ಕಡ್ಡಿ ಲಕೋಟೆಗಳು ಅಚ್ಚಾದವು. ತೈನಾನ್‌ನ ಬಲಗಿವಿಯ ಹೆಂಗಸು ಮೊದಲ ಕಾಗದ ಬರೆದು, ‘ಹೊಸ ಮನೆ ಚೆನ್ನಾಗಿದೆ’ ಎಂದಳು.

ಒಂಬತ್ತನೇ ತಿಂಗಳ ಒಂದನೇ ದಿನ ಪಿಂಗ್‌ತುಂಗ್‌ನಿಂದ ಇನ್ನೊಂದು ಕಾಗದ ಬಂತು. ಬರೆದವಳು ಪಾನ್ ಯಿಜೆನ್. ಬಿಂಗ್‌ಕುನ್ ಅದನ್ನು ಓದಿದ. ಎದ್ದು ಅಂಗಡಿಯ ಬಾಗಿಲು ಹಾಕಿ ಬಂದು ಮತ್ತೆ ಓದಿದ. ಮರುದಿನ ಪೂಜೆಯ ದಿನ. ರೈಲ್ವೆ ನಿಲ್ದಾಣದ ಹಿಂದಿನ ಬೀದಿ ಅವನ ಅಂಗಡಿಯಿಂದ ಎಂಟು ನಿಮಿಷದ ದಾರಿ. ಅವತ್ತು ಅವನಿಗೆ ಒಂದೂವರೆ ಗಂಟೆ ಹಿಡಿಯಿತು, ಮತ್ತು ಇದರಲ್ಲಿ ಒಂದು ನಿಮಿಷವೂ ಉತ್ಪ್ರೇಕ್ಷೆಯಲ್ಲ.

“ಏನಯ್ಯ, ಬಂತಾ?” ಎಂದ ಶುಯ್ ಅಣ್ಣ, ಕತ್ತರಿಸುತ್ತ.

“ಬಂತಣ್ಣ.”

“ಎಣ್ಣೆನಾ?”

“ಎಡಗಿವಿ.”

ಕತ್ತಿ ಹಲಗೆಯ ಮೇಲೆ ನಿಂತಿತು. ಮಾನ್‌ಚು ಒಳಗಿನಿಂದ ಬಂದು ಗಂಡನ ಪಕ್ಕ ನಿಂತಳು. ಗಿರಾಕಿಗಳಿಬ್ಬರು ತಟ್ಟೆಯಿಂದ ತಲೆ ಎತ್ತಿದರು.

ಬಿಂಗ್‌ಕುನ್ ಫೋನು ಹಿಡಿದು ಓದಿದ.

‘ನಮಸ್ಕಾರ. ನನ್ನ ಅಮ್ಮನನ್ನು ಮೂರು ವರ್ಷದವಳಿದ್ದಾಗ ದೌಲ್ಯೂ ನಿಲ್ದಾಣದಿಂದ ತಂದರಂತೆ. ಎಡಗಿವಿಯ ಹಿಂದೆ ಕಲೆ ಇತ್ತು. ಮೂರು ವರ್ಷದ ಹಿಂದೆ ಯಾರೋ ತಂದ ಊಟದ ಪೊಟ್ಟಣದಲ್ಲಿ ನಿಮ್ಮ ಕಡ್ಡಿ ಲಕೋಟೆ ಸಿಕ್ಕಿತು. ಅಮ್ಮ ಅದನ್ನು ಪ್ರಾರ್ಥನೆ ಪುಸ್ತಕದಲ್ಲಿ ಇಟ್ಟುಕೊಂಡಿದ್ದಳು. ಬರೆಯಲೇ ಎಂದು ಕೇಳಿದರೆ ಬೇಡ, ಕೊಟ್ಟುಬಿಟ್ಟವರಿಗೆ ಯಾಕೆ ತೊಂದರೆ ಎನ್ನುತ್ತಿದ್ದಳು. ಈ ಸಲ ಲಿವರು ಕೆಟ್ಟು ಆಸ್ಪತ್ರೆ ಸೇರಿದ ಮೇಲೆ, ಬರಿ ಎಂದಳು. ಸೆಪ್ಟೆಂಬರ್ ಆರಕ್ಕೆ ಬರೆದೆ. ಅಂಥ ವಿಳಾಸವಿಲ್ಲ ಎಂದು ವಾಪಸ್ ಬಂತು. ಮರುದಿನ ಮತ್ತೆ ಬರೆದೆ. ಮತ್ತೆ ವಾಪಸ್ ಬಂತು. ಅಮ್ಮನಿಗೆ ಹೇಳಿದೆ. ಪಾಪ, ಅಣ್ಣನಿಗೆ ಸಾಕಾಗಿರಬೇಕು, ಅರವತ್ತು ವರ್ಷ ಆಯಿತಲ್ಲ ಎಂದಳು. ಇಪ್ಪತ್ತಕ್ಕೆ ತೀರಿಕೊಂಡಳು. ಮೊನ್ನೆ ಸುಮ್ಮನೆ ಹುಡುಕಿದಾಗ ಈ ಹೊಸ ಪುಟ ಕಾಣಿಸಿತು. ಅಮ್ಮ ಈಗ ಇಲ್ಲವಾದ್ದರಿಂದ ಪುಟ ತೆಗೆಯಬಹುದು ಎಂದು ತಿಳಿಸಲು ಬರೆದಿದ್ದೇನೆ. ನೀವು ಬರುವ ಶ್ರಮ ತೆಗೆದುಕೊಳ್ಳಬೇಡಿ. ಮನೆಯಲ್ಲಿ ಅಪ್ಪನಿ‌ಗೆ ಈ ವಿಷಯ ಗೊತ್ತಿಲ್ಲ.’

ಸಾರಿನ ಪಾತ್ರೆಯೊಂದು ಒಳಗೆ ಉಕ್ಕಿ ಒಲೆಗೆ ಸುರಿಯಿತು. ಮಾನ್‌ಚು ಅತ್ತ ತಿರುಗಲಿಲ್ಲ.

“ಸೆಪ್ಟೆಂಬರ್ ಆರು,” ಎಂದ ಶುಯ್ ಅಣ್ಣ ಕೊನೆಗೆ. “ನಮ್ಮ ಲೆಕ್ಕದಲ್ಲಿ?”

“ಏಳನೇ ತಿಂಗಳು ಇಪ್ಪತ್ತೆರಡು.”

“ಇಪ್ಪತ್ತು?”

“ಎಂಟನೇ ತಿಂಗಳು ಆರು.”

“ನಾವು ಅಕ್ಕಿ ತಂದಿದ್ದು ಒಂಬತ್ತಕ್ಕೆ.” ಅವನು ಬೆರಳು ಮಡಚಿ ಎಣಿಸಿದ, ಇನ್ನೊಂದು ಸಲ ಎಣಿಸಿದ, ತಪ್ಪಿ ಬೇರೆ ಉತ್ತರ ಬಂದೀತೇನೋ ಎನ್ನುವಂತೆ. “ದಿನ ನೋಡಿಸಿದ್ದು ನಾನು.”

“ಆವತ್ತು ಬೆಳಿಗ್ಗೆ ಫೋನು ಇಟ್ಟುಬಿಟ್ಟಿದ್ರೆ ಆಗ್ತಿತ್ತು,” ಎಂದ ಬಿಂಗ್‌ಕುನ್. “ನಂದಣ್ಣ ತಪ್ಪು. ವಿಳಾಸ ಕೊಡಿಸಿದ್ದೂ ನಾನೇ.”

“ನಿಂಗೇನಯ್ಯ ಬಂತು ನನ್ನ ತಂಗಿ ವಿಷಯದಲ್ಲಿ ತಪ್ಪು ಹೊತ್ಕೊಳ್ಳೋಕೆ? ನಿಂದೇನು ರಕ್ತಸಂಬಂಧವಾ?” ಶುಯ್ ಅಣ್ಣ ಗದರಿದ. “ಮಾಡ್ಬೇಡ ಅಂದಿದ್ದು ನಾನು.”

“ನೀವು ಬೇಡ ಅಂದ್ರೂ ಕದ್ದು ಮಾಡಬಹುದಿತ್ತು. ಎಲ್ಲ ಸಿದ್ಧ ಇತ್ತು.”

“ಮತ್ತೆ ಯಾಕೆ ಮಾಡ್ಲಿಲ್ಲ?”

ಹಿರಿಯರ ಮಾತು ಎಂದು ಹೇಳಬಹುದಿತ್ತು. ಬಿಂಗ್‌ಕುನ್ ಮೇಜಿನ ಮೇಲಿದ್ದ ಕಡ್ಡಿಗಳ ಡಬ್ಬ ನೋಡಿದ. “ನಂಗೂ ಭಯ ಆಯ್ತಣ್ಣ,” ಎಂದ. “ಅವಳು ಅವರ ಜೊತೆ ಬಂದುಬಿಟ್ರೆ ಅಂತ.”

“ಅಯ್ಯೋ ಮುಂಡೇದೆ,” ಎಂದ ಶುಯ್ ಅಣ್ಣ. ಬೈಗುಳವೋ ಕನಿಕರವೋ ಹೇಳುವುದು ಕಷ್ಟ. “ಇಬ್ಬರೂ ಸೇರಿ ಅವಳು ಸಾಯಬಾರದು ಅಂತ ಬಾಗಿಲು ಹಾಕ್ಕೊಂಡು ಕೂತ್ವಲ್ಲಯ್ಯ. ಅವಳು ಬದುಕಿದ್ದೋಳು ಬಂದು ಬಾಗಿಲು ಬಡಿದು ಹೋದ್ಳು.”

ಒಬ್ಬ ಗಿರಾಕಿ ಮೆಲ್ಲಗೆ ದುಡ್ಡಿಟ್ಟು ಎದ್ದುಹೋದ. ಶುಯ್ ಅಣ್ಣ ಕತ್ತಿ ಎತ್ತಿಕೊಂಡ, ಏನನ್ನೂ ಕತ್ತರಿಸಲಿಲ್ಲ, ಒರೆಸಿ ಇಟ್ಟ.

“ಆ ಹುಡುಗಿಗೆ ಏನು ಬರೀಲಿ?” ಎಂದ ಬಿಂಗ್‌ಕುನ್.

“ಸಾಕಾಗಿರಲಿಲ್ಲ ಅಂತ ಬರಿ.” ಮತ್ತೆ ತಾನೇ, “ಬೇಡ. ಅದನ್ನ ಅವಳು ಯಾರಿಗೆ ಹೋಗಿ ಹೇಳ್ತಾಳೆ. ನಮಸ್ಕಾರ ಅಂತ ಬರಿ. ಆರೋಗ್ಯ ನೋಡ್ಕೋ ಅಂತ ಬರಿ.”

“ಪುಟ?”

“ತೆಗಿಬೇಕಲ್ಲ. ಅವಳು ಹೇಳಿದಾಳೆ.”

“ಸುಮ್ಮನೆ ತೆಗೆದ್ರೆ ಜನ ಕೇಳ್ತಾರಣ್ಣ. ತೈನಾನ್‌ನೋರು, ಉಳಿದೋರು. ಒಂದು ತಿಂಗಳು ಏನಾದ್ರೂ ಒಂದು ಸಾಲು ಹಾಕಿರ್ಬೇಕು.”

ಶುಯ್ ಅಣ್ಣ ಗೋಡೆಗೆ ಒರಗಿದ. “ಸಿಕ್ಕಿದಳು ಅಂತ ಹಾಕು,” ಎಂದ. “ಸುಳ್ಳಲ್ವಲ್ಲ.”

ಬಿಂಗ್‌ಕುನ್ ಹಾಗೇ ಹಾಕಿದ. ‘ಬೊಂಗ್‌ಚಿ ಸಿಕ್ಕಿದಳು. ಇಷ್ಟು ವರ್ಷ ಜೊತೆಗೆ ಹುಡುಕಿದವರಿಗೆಲ್ಲ ನಮಸ್ಕಾರ.’

ಹತ್ತೊಂಬತ್ತು ವರ್ಷದಲ್ಲಿ ಬಂದಿರದಷ್ಟು ಕಾಗದಗಳು ಆ ಎರಡು ವಾರದಲ್ಲಿ ಬಂದವು. ಹನ್ನೊಂದು ಹೆಂಗಸರೂ ಬರೆದರು. ಒಬ್ಬಳು ಓದಿ ರಸ್ತೆಯಲ್ಲೇ ಅತ್ತಳಂತೆ. ಇನ್ನೊಬ್ಬಳು, ನಿಮ್ಮ ತಂಗಿ ಸಿಕ್ಕಿದ ಮೇಲೆ ನನಗೂ ಧೈರ್ಯ ಬಂದಿದೆ, ನನ್ನವರನ್ನೂ ಹುಡುಕುತ್ತೇನೆ, ಹೇಗೆ ಸಿಕ್ಕಿದಳು ಸ್ವಲ್ಪ ತಿಳಿಸಿ ಎಂದು ಕೇಳಿದ್ದಳು. ರೈಲಿನಲ್ಲಿ ಬಾತು ಅನ್ನ ತಿಂದ ಯಾರ‍್ಯಾರೋ ಅಪರಿಚಿತರು ಅಭಿನಂದನೆ ಕಳಿಸಿದರು. ಅಣ್ಣ ತಂಗಿ ಇಬ್ಬರೂ ಜೊತೆಯಲ್ಲಿ ಕೂತು ಊಟ ಮಾಡುವ ಒಂದು ಫೋಟೊ ಹಾಕಿ ಎಂದು ಹದಿನೇಳು ಜನ ಕೇಳಿದ್ದರು.

ಹದಿನಾರನೇ ದಿನ ಬಿಂಗ್‌ಕುನ್ ಅವನ್ನೆಲ್ಲ ಕಾಗದದಲ್ಲಿ ಇಳಿಸಿಕೊಂಡು, ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡು, ಪೂಜೆ ಮುಗಿದ ಮೇಲೆ ಹೋಗಿ ಕೂತ. ಶುಯ್ ಅಣ್ಣ ತಟ್ಟೆ ತಂದು ಮುಂದಿಟ್ಟ. ಬಂತಾ ಎಂದು ಕೇಳಲಿಲ್ಲ. ಬಿಂಗ್‌ಕುನ್ ಒಂದೊಂದೇ ಅಗುಳು ತಿಂದ. ಮಾನ್‌ಚು ಎರಡು ಸಲ ಸಾರು ಬಿಸಿ ಮಾಡಿ ಹಾಕಿದಳು. ಅಂಗಡಿ ಮುಚ್ಚುವ ಹೊತ್ತಾದಾಗ ಅವನು ಎದ್ದು, ಜೇಬಿನ ಮೇಲೆ ಕೈಯಿಟ್ಟುಕೊಂಡು, ಮನೆಗೆ ಹೋದ.